ಹಗಲು ಸರಪಳಿ, ರಾತ್ರಿ ಬಿಡುಗಡೆ: ಕುರಿ ಕಾಯುವ ತಳಿಯ ನಾಯಿ ಅಂಗಡಿ ಮುಂದೆ ಕಟ್ಟಿದರೆ ಏನಾಗುತ್ತದೆ?

ಪಾಲಬಾವಿ (ರಾಯಬಾಗ): ನಾಯಿ ಕಾಟದ ಮಾತು ಬಂದರೆ ಎಲ್ಲರ ಬೆರಳೂ ಪಂಚಾಯ್ತಿ ಕಡೆ ತಿರುಗುತ್ತದೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು, ಹಿಡಿದ ಬೀದಿ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು; ರೇಬೀಸ್ ತಗುಲಿದವನ್ನು, ಮೈಮೇಲೆ ಬೀಳುವವನ್ನು ಬಿಡಬಾರದು ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ತಂದು ಬಿಡಕೂಡದು ಎಂದೂ ಹೇಳಿತು. ಇದೆಲ್ಲ ಮಾಲೀಕರಿಲ್ಲದ ನಾಯಿಗಳ ಮಾತಾಯ್ತು. ಮಾಲೀಕರಿರುವ ನಾಯಿಗಳ ಲೆಕ್ಕ ಯಾರು ಕೇಳಬೇಕು?

ಗೊಬ್ಬರದ ಅಂಗಡಿ, ಹಾರ್ಡ್‌ವೇರ್ ಅಂಗಡಿ, ರಸ್ತೆ ಬದಿಯ ಹೊಲದ ಮನೆ, ಎಲ್ಲ ಕಡೆ ಕಾವಲಿಗೆಂದು ದೊಡ್ಡ ನಾಯಿ ಸಾಕುವ ರೂಢಿ ಬಂದಿದೆ. ಜನ ಹೆಚ್ಚಾಗಿ ಕೇಳುವುದು ಜರ್ಮನ್ ಶೆಫರ್ಡ್. ಹೆಸರಿನಲ್ಲೇ ಕುರಿಗಾರ ಇದ್ದಾನೆ, ನಾವು ಗಮನಿಸಿಲ್ಲ ಅಷ್ಟೇ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಜ್ ಎಂಬ ಸೇನಾಧಿಕಾರಿ ಹೊರಾಂಡ್ ಎನ್ನುವ ಕುರಿನಾಯಿಯನ್ನು ಕೊಂಡು ಈ ತಳಿಗೆ ಬುನಾದಿ ಹಾಕಿದ. ಜರ್ಮನಿಯ ಬೇಲಿಯಿಲ್ಲದ ಹೊಲಗಳ ನಡುವೆ ಕುರಿ ಮೇಯುವಾಗ, ಹಿಂಡು ಬೆಳೆಗೆ ಬಾಯಿ ಹಾಕದಂತೆ ಅಂಚಿನಲ್ಲಿ ಹಗಲಿಡೀ ಹಿಂದಕ್ಕೂ ಮುಂದಕ್ಕೂ ಓಡಾಡುವುದೇ ಅದರ ಕೆಲಸ. ಎರಡು ಕಬ್ಬಿನ ಪಟ್ಟಿಗಳ ನಡುವೆ ನಮ್ಮ ಕುರುಬರು ಹಿಂಡು ದಾಟಿಸುವುದನ್ನು ನೋಡಿದವರಿಗೆ ಅದೆಂಥ ಕೆಲಸ ಅಂತ ಬಿಡಿಸಿ ಹೇಳಬೇಕಿಲ್ಲ.

ಅಂಥ ನಾಯಿಯನ್ನು ಆರು ಅಡಿ ಸರಪಳಿಯಲ್ಲಿ ತಗಡಿನ ಚಪ್ಪರದ ಕೆಳಗೆ ಕಟ್ಟಿದರೆ ಏನಾಗುತ್ತದೆ? ಓಡುವ ಹುಕಿ ಎಲ್ಲೂ ಹೋಗುವುದಿಲ್ಲ. ನಾಯಿ ಸುತ್ತುತ್ತದೆ, ನೆಲ ಕೆರೆಯುತ್ತದೆ, ಕಂಡದ್ದನ್ನೆಲ್ಲ ಕಚ್ಚುತ್ತದೆ, ದಿನವಿಡೀ ಬೊಗಳುತ್ತದೆ. ಅದರ ಕಣ್ಣಿಗೆ ಓಡುವುದೆಲ್ಲ ತಿರುಗಿಸಿ ತರಬೇಕಾದ ಕುರಿ. ಹಾಗಾಗಿ ಬೈಕ್ ಬೆನ್ನು ಹತ್ತುತ್ತದೆ, ಓಡುವ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಮಾಲೀಕರು ಇದನ್ನು "ಭಾಳ ಚುರುಕೈತಿ" ಅಂತ ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಗಿರಾಕಿ ಮಾತ್ರ ಪಕ್ಕದ ಅಂಗಡಿಗೆ ಹೋಗುತ್ತಾನೆ. ಕಟ್ಟಿಹಾಕಿದ ನಾಯಿಗೆ ಹೆದರಿಕೆಯಾದರೂ ಓಡಿಹೋಗಲು ದಾರಿಯಿಲ್ಲ, ಅದಕ್ಕೆ ಉಳಿಯುವುದು ಕಚ್ಚುವ ದಾರಿಯೊಂದೇ.

ಬೇಸಿಗೆಯ ಕಥೆ ಬೇರೆ. ಜರ್ಮನ್ ಶೆಫರ್ಡ್‌ಗೆ ಎರಡು ಪದರ ಕೂದಲು, ಅದು ಚಳಿ ದೇಶದ ಮೈ. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ಅದನ್ನು ಓಡಿಸುವುದಾದರೆ ಬೆಳಿಗ್ಗೆ ಏಳರೊಳಗೆ, ಇಲ್ಲವೇ ಹೊತ್ತು ಮುಳುಗಿದ ಮೇಲೆ. ಬೆಳೆದ ನಾಯಿಗೆ ದಿನಕ್ಕೆ ಒಂದೂವರೆಯಿಂದ ಎರಡು ತಾಸು ಮೈ ದಣಿಯಬೇಕು. ಸೆಕೆ ಅಂತ ಕೂದಲು ಬೋಳಿಸಬಾರದು, ಚರ್ಮ ಸುಡುತ್ತದೆ. ದನದ ಕೊಟ್ಟಿಗೆ ಪಕ್ಕದಲ್ಲೇ ಇದ್ದರೆ ಉಣ್ಣಿ ತಪ್ಪಿದ್ದಲ್ಲ, ಉಣ್ಣಿಯಿಂದ ಜ್ವರ ಬಂದರೆ ನಾಯಿ ಉಳಿಯುವುದೇ ಕಷ್ಟ.

ಹಾಗಾದರೆ ನಮ್ಮ ಮುಧೋಳ ನಾಯಿ ಸಾಕಬಹುದಲ್ಲ ಅನ್ನುವವರಿದ್ದಾರೆ. ಮಾತು ಸರಿಯೇ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ ಅದು, 2020ರ ಆಗಸ್ಟ್‌ನ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೂ ಹೆಸರಿಸಿದ್ದರು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅದರ ತೆಳು ಕೂದಲಿಗೆ ಈ ಬಿಸಿಲು ಒಗ್ಗುತ್ತದೆ. ಆದರೆ ಅದು ಕಣ್ಣಲ್ಲಿ ಬೇಟೆ ಹಿಡಿದು ಬಾಣದಂತೆ ಓಡುವ ನಾಯಿ. ಬೆಕ್ಕು, ಕೋಳಿ ಕಂಡರೂ ಸುಮ್ಮನಿರುವುದಿಲ್ಲ. ತಳಿ ಬದಲಿಸಿದರೂ ಸರಪಳಿ ಅದೇ ಆದರೆ ಫಲವೂ ಅದೇ.

ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿತ್ತು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ತಳಿಯ ಹೆಸರಿಗಿಂತ ಮಾಲೀಕರ ಹೊಣೆ ದೊಡ್ಡದು, ಕಾನೂನಿನಲ್ಲೂ ಅದು ಬರೆದಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ತೀರಾ ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು, ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರುವುದು, ಸಾಕಿ ಬೀದಿಗೆ ಬಿಡುವುದು ಮೂರೂ ಅಪರಾಧ. ಮೊದಲ ಸಲದ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ! 1960ರಲ್ಲಿ ಅದು ದುಡ್ಡು, ಇವತ್ತು ಎರಡು ಪ್ಲೇಟ್ ಮಿರ್ಚಿ ಭಜಿಗೆ ಸಾಲದು. ಯಾರೂ ದೂರು ಕೊಡದಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಆದರೆ ಅದೇ ನಾಯಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಬರುತ್ತದೆ. ಅದರಲ್ಲಿ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. "ನಾಯಿ ಕಟ್ಟಿತ್ರೀ, ತಾನ ಬಿಚ್ಕೊಂಡು ಹೋತು" ಅಂದರೆ ಪೊಲೀಸರು ಕೇಳಿಸಿಕೊಳ್ಳಬೇಕಾಗಿಲ್ಲ.

ಇದರ ಪೆಟ್ಟು ಕೊನೆಗೆ ಬೀಳುವುದು ಕುರಿಗಾರರ ಮೇಲೆ. ಮರಿಯಿದ್ದಾಗ ಮುದ್ದಾಗಿದ್ದ ನಾಯಿ ವರ್ಷ ತುಂಬಿ ಸಂಭಾಳಿಸಲಾಗದೆ ಹೋದಾಗ ಊರಾಚೆ ಬಿಟ್ಟು ಬರುವವರಿದ್ದಾರೆ. ಬಿಟ್ಟ ನಾಯಿ ಬೀದಿ ಗುಂಪು ಸೇರುತ್ತದೆ, ಗುಂಪು ರಾತ್ರಿ ಕುರಿದೊಡ್ಡಿಗೆ ನುಗ್ಗುತ್ತದೆ. ತೋಳ ಬಂದರೂ ಒಂದೋ ಎರಡೋ ಕುರಿ ಎತ್ತಿಕೊಂಡು ಹೋದೀತು, ನಾಯಿ ಗುಂಪು ತಿನ್ನದಿದ್ದರೂ ಸಿಕ್ಕಿದ್ದನ್ನೆಲ್ಲ ಕಚ್ಚಿ ಹಾಕುತ್ತದೆ. ಕಚ್ಚಿದ ನಾಯಿಗೆ ರೇಬೀಸ್ ಇದ್ದರೆ ಉಳಿದ ಕುರಿಯೂ ಕೈಗೆ ಬಾರದು.

ಮರಿ ತರುವವರು ಎಂಟು ವಾರ ತುಂಬದ ಮರಿ ಕೊಳ್ಳಬಾರದು, 2017ರ ನಿಯಮದಲ್ಲಿ ಅಂಥ ಮರಿ ಮಾರುವಂತಿಲ್ಲ. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ನಂತರ ಪಶು ವೈದ್ಯರು ಹೇಳಿದಂತೆ ವರ್ಷವರ್ಷ ಹಾಕಿಸಬೇಕು. ಮನುಷ್ಯರಿಗೆ ಕಚ್ಚಿದರೆ ಅರಿಶಿನ, ಸುಣ್ಣ ಹಚ್ಚುತ್ತ ಕೂರದೆ ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.

ಕಬ್ಬು ಕಟಾವಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಹಿಂಡು ತರುಬುವ ದಿನಗಳಲ್ಲಾದರೂ, ಹಗಲು ಕಟ್ಟಿ ರಾತ್ರಿ ನಾಯಿ ಬಿಚ್ಚಿ ಬಿಡುವ ರೂಢಿ ನಿಲ್ಲಬೇಕು. ಅಂಗಡಿ ಬಾಗಿಲು ಹಾಕಿದ ಮೇಲೆ ಹಗ್ಗ ಹಿಡಿದು ಕಾಲುವೆ ದಂಡೆವರೆಗೆ ಹೋಗಿ ಬಂದರೆ ನಾಯಿಯೂ ದಣಿಯುತ್ತದೆ, ರಾತ್ರಿ ಬಿಚ್ಚುವ ಪ್ರಸಂಗವೇ ಬರುವುದಿಲ್ಲ.