ತೆಂಗಿನ ಜೀನ್ ತಿದ್ದಬೇಕೆ?

ಆಂಟಿ-ಆಕ್ಸಿಡೆಂಟ್ ಹೆಚ್ಚಿರುವ, ಬರಕ್ಕೆ ಬಗ್ಗದೆ ಬೆಳೆಯುವ ಗಿಡಗಳನ್ನು ಜೀನ್ ಮಟ್ಟದಲ್ಲೇ ರೂಪಿಸುವ ಕೆಲಸ ಟೊಮೆಟೊ, ಭತ್ತಗಳಲ್ಲಿ ಪ್ರಯೋಗಶಾಲೆಯನ್ನು ದಾಟಿ ಹೊರಬಂದಿದೆ. ಅಂಥ ತೆಂಗಿನ ಸಸಿ ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಬರುವ ಮೊದಲೇ ಮಾತಾಡಿಬಿಡೋಣ ಎಂಬ ಕಾರಣಕ್ಕೆ ಈ ಚರ್ಚೆ. ಪರವಾಗಿ ಬರೆದವರು ಕೃಷಿ ಪದವಿ ಮುಗಿಸಿ ತುರುವೇಕೆರೆಯ ತೋಟಕ್ಕೆ ಮರಳಿದ ಯುವಕ. ವಿರೋಧವಾಗಿ ಬರೆದವರು ಚಿಕ್ಕನಾಯಕನಹಳ್ಳಿ ಕಡೆಯ ಹಿರಿಯ ಬೆಳೆಗಾರರು.

ಪರ: ಬರ ನಮಗಾಗಿ ಕಾಯುವುದಿಲ್ಲ

2016ರಿಂದಾಚೆಯ ಬರದ ವರ್ಷಗಳಲ್ಲಿ ಸುಳಿ ಒಣಗಿ ನಿಂತ ಮರಗಳನ್ನು ಈ ಸೀಮೆಯಲ್ಲಿ ಯಾರೂ ಮರೆತಿಲ್ಲ. ಕೊಳವೆಬಾವಿ ಬತ್ತಿದವರು ಟ್ಯಾಂಕರಿನಲ್ಲಿ ನೀರು ಹೊಡೆಸಿದರು. ಅದಕ್ಕೂ ಕೈ ಸಾಗದವರು ಮರ ಕಡಿಸಿದರು. ಉಳಿದ ಮರಗಳೂ ಮಳೆ ಬಂದ ಕೂಡಲೇ ಚೇತರಿಸಿಕೊಳ್ಳಲಿಲ್ಲ. ಇವತ್ತು ಕೆಡವುವ ಕಾಯಿಯ ಹೊಂಬಾಳೆ ಸುಳಿಯೊಳಗೆ ರೂಪುಗೊಳ್ಳಲು ಶುರುವಾದದ್ದು ಮೂರು ವರ್ಷಕ್ಕೂ ಹಿಂದೆ. ಹಾಗಾಗಿ ಒಂದು ಬರದ ಏಟು ಮುಂದಿನ ಎರಡು ಮೂರು ವರ್ಷದ ಗೊನೆಗಳಲ್ಲೂ ಕಾಣುತ್ತದೆ.

ನೀರಿಲ್ಲದಾಗ ಗರಿಯ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಆಹಾರ ತಯಾರಿ ನಿಧಾನವಾಗುತ್ತದೆ. ಬಿಸಿಲು ಮಾತ್ರ ಬೀಳುತ್ತಲೇ ಇರುತ್ತದೆ. ಬಳಕೆಯಾಗದ ಆ ಶಕ್ತಿ ಆಮ್ಲಜನಕವನ್ನು ಉಗ್ರ ರೂಪಕ್ಕೆ ತಿರುಗಿಸುತ್ತದೆ, ಅದು ಜೀವಕೋಶದ ಪೊರೆಯನ್ನೇ ಹಾಳುಗೆಡವುತ್ತದೆ. ಇದನ್ನು ತಣಿಸುವುದು ಗಿಡದೊಳಗಿನ ಆಂಟಿ-ಆಕ್ಸಿಡೆಂಟ್‌ಗಳು ಮತ್ತು ಕೆಲವು ಕಿಣ್ವಗಳು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಜ್ಞಾನಿಗಳು 1990ರ ದಶಕದಲ್ಲೇ ಬರ ತಾಳುವ ತೆಂಗನ್ನು ಗುರುತಿಸಲು ಈ ಕಿಣ್ವಗಳನ್ನೂ ಪೊರೆಯ ಹಾನಿಯನ್ನೂ ಅಳೆದು ನೋಡಿದ್ದರು. ಪೇಟೆಯಲ್ಲಿ ಮಾತ್ರೆ ಡಬ್ಬಿಯ ಮೇಲೆ ಓದುವ ಈ ಪದ ನಮ್ಮ ತೋಟದಲ್ಲಿ ಮರದ ಅಳಿವು ಉಳಿವಿನ ಮಾತು.

ಹಳೆಯ ದಾರಿಯಲ್ಲೇ ತಳಿ ಸುಧಾರಿಸಿ ಎನ್ನುತ್ತಾರೆ. ಸರಿ, ಲೆಕ್ಕ ಹಾಕೋಣ. ವಿಜ್ಞಾನಿ ಜೆ. ಎಸ್. ಪಟೇಲ್ ಕೇರಳದ ನೀಲೇಶ್ವರದಲ್ಲಿ ಎತ್ತರದ ತಳಿಗೆ ಗಿಡ್ಡ ತಳಿಯನ್ನು ಬೆರೆಸಿ ಹೈಬ್ರಿಡ್ ತೆಂಗಿಗೆ ದಾರಿ ತೆರೆದದ್ದು 1932ರಲ್ಲಿ. ತೊಂಬತ್ತು ವರ್ಷ ಕಳೆದರೂ ನಮ್ಮ ತೋಟಗಳಲ್ಲಿ ನಿಂತಿರುವುದು ಬಹುಪಾಲು ತಿಪಟೂರು ಟಾಲ್ ಎಂಬ ಎತ್ತರದ ತಳಿ. ನೆಟ್ಟ ಆರೇಳು ವರ್ಷಕ್ಕೆ ಹೊಂಬಾಳೆ, ಇಳುವರಿ ಒಂದು ಹದಕ್ಕೆ ಬರಲು ಇನ್ನಷ್ಟು ವರ್ಷ. ಎರಡು ತಲೆಮಾರಿನ ಗಿಡ ನೋಡುವಷ್ಟರಲ್ಲಿ ವಿಜ್ಞಾನಿಗೇ ಪಿಂಚಣಿ ಶುರುವಾಗಿರುತ್ತದೆ!

ಈಗ ಬೇರೆ ದಾರಿ ತೆರೆದಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು: ಕಾಳು ಹೆಚ್ಚು ಕಟ್ಟುವ ಡಿಆರ್‌ಆರ್ ಧಾನ್ 100 ‘ಕಮಲಾ’, ಬರ ಮತ್ತು ಚೌಳು ತಾಳುವ ಪೂಸಾ ಡಿಎಸ್‌ಟಿ ರೈಸ್ 1. ಎರಡರಲ್ಲೂ ಬೇರೆ ಜೀವಿಯ ಜೀನ್ ಇಲ್ಲ, ಭತ್ತದ ಸ್ವಂತ ಜೀನನ್ನೇ ತಿದ್ದಲಾಗಿದೆ. ಇಂಥ ತಿದ್ದುಪಡಿಗೆ 2022ರ ಮಾರ್ಚ್‌ನಲ್ಲೇ ಕುಲಾಂತರಿ ಬೆಳೆಗಳ ಕಠಿಣ ನಿಯಮಗಳಿಂದ ವಿನಾಯಿತಿ ಸಿಕ್ಕಿದೆ. ತೆಂಗಿನ ಜೀನೋಮ್ ಕೂಡ 2017ರಲ್ಲೇ ಪ್ರಕಟವಾಗಿದೆ.

ತಿನ್ನುವವರ ಕಡೆಯಿಂದಲೂ ನೋಡಿ. ಇಂಗ್ಲೆಂಡಿನ ವಿಜ್ಞಾನಿ ಕ್ಯಾಥಿ ಮಾರ್ಟಿನ್ ಅವರ ತಂಡ ಸ್ನ್ಯಾಪ್‌ಡ್ರ್ಯಾಗನ್ ಹೂವಿನ ಗಿಡದ ಎರಡು ಜೀನ್‌ಗಳನ್ನು ಟೊಮೆಟೊಗೆ ಸೇರಿಸಿ ನೇರಳೆ ಬಣ್ಣದ ಟೊಮೆಟೊ ಪಡೆಯಿತು. ನೇರಳೆ ಹಣ್ಣಿಗೆ, ಕಪ್ಪು ದ್ರಾಕ್ಷಿಗೆ ಬಣ್ಣ ಕೊಡುವ ಆಂಥೋಸಯನಿನ್ ಎಂಬ ಆಂಟಿ-ಆಕ್ಸಿಡೆಂಟ್ ಅದರ ತುಂಬ ಇತ್ತು. ಕ್ಯಾನ್ಸರಿಗೆ ಬೇಗ ತುತ್ತಾಗುವ ಇಲಿಗಳು ಆ ಟೊಮೆಟೊ ತಿಂದು ಹೆಚ್ಚು ದಿನ ಬದುಕಿದವು ಎಂದು 2008ರಲ್ಲಿ ವರದಿಯಾಯಿತು. 2024ರಿಂದ ಅಮೆರಿಕದ ಕೈತೋಟಗಳಿಗೆ ಅದರ ಬೀಜ ಮಾರಾಟಕ್ಕಿದೆ.

ನಾಳೆಯೇ ಸಸಿ ಹಂಚಿ ಎಂದು ನಾನು ಕೇಳುತ್ತಿಲ್ಲ. ಸರ್ಕಾರಿ ಸಂಸ್ಥೆಯಲ್ಲಿ, ಸಾರ್ವಜನಿಕ ಹಣದಲ್ಲಿ, ರೈತರ ಕಣ್ಣೆದುರಿಗೆ ಸಂಶೋಧನೆ ಶುರುವಾಗಲಿ. ಇಂದು ಶುರುಮಾಡಿದರೂ ಫಲ ನೋಡುವುದು ನನ್ನ ಮಕ್ಕಳ ಕಾಲಕ್ಕೆ. ಅದಕ್ಕೇ ಈ ಅವಸರ.

ವಿರೋಧ: ಪರಾಗಕ್ಕೆ ಬೇಲಿಯಿಲ್ಲ

ಬರದ ಬಗ್ಗೆ ತುರುವೇಕೆರೆಯ ತಮ್ಮ ಬರೆದದ್ದರಲ್ಲಿ ಒಂದಕ್ಷರವನ್ನೂ ನಾನು ಅಲ್ಲಗಳೆಯುವುದಿಲ್ಲ. ನಮ್ಮ ಕಡೆಯೂ ಮರ ಹೋದವು. ಆದರೆ ಭತ್ತ, ಟೊಮೆಟೊಗಳ ಉದಾಹರಣೆ ಕೊಟ್ಟು ತೆಂಗಿಗೆ ಬಂದರಲ್ಲ, ಅಲ್ಲಿ ನನ್ನ ತಕರಾರು.

ತಿಪಟೂರು ಟಾಲ್‌ನ ಒಂದು ಹೊಂಬಾಳೆಯನ್ನು ಗಮನಿಸಿ. ಗಂಡು ಹೂಗಳು ಮೊದಲು ಅರಳಿ ಉದುರುತ್ತವೆ. ಆಮೇಲೆ ಹೆಣ್ಣು ಹೂ ಸಿದ್ಧವಾಗುತ್ತದೆ. ತನ್ನದೇ ಪರಾಗ ಸಿಗದ ಆ ಹೂವು ಬಹುಮಟ್ಟಿಗೆ ಪಕ್ಕದ ಮರದ ಪರಾಗದಿಂದಲೇ ಕಾಯಿ ಕಟ್ಟಬೇಕು. ಗಾಳಿ, ಜೇನು ತಂದ ಪರಾಗ ನನ್ನದೂ ಆಗಿರಬಹುದು, ಬದುವಿನಾಚೆಯವನದೂ ಆಗಿರಬಹುದು. ಅವನು ಜೀನ್ ತಿದ್ದಿದ ಸಸಿ ನೆಟ್ಟರೆ ನನ್ನ ಬಿತ್ತನೆ ಕಾಯಿಯಲ್ಲೂ ಆ ಜೀನ್ ಬಂದು ಕೂರುತ್ತದೆ. ನನ್ನನ್ನು ಯಾರು ಕೇಳಿದರು?

ಹತ್ತಿಯಾದರೆ ವರ್ಷದ ಬೆಳೆ. 2002ರಲ್ಲಿ ಬಿಟಿ ಹತ್ತಿ ಬಂತು, ಮೊದಲು ಕಾಯಿಕೊರಕ ತಗ್ಗಿತು. ಆಮೇಲೆ ಗುಲಾಬಿ ಕಾಯಿಕೊರಕ ಅದಕ್ಕೂ ಪಳಗಿ ಮರಳಿತು. ಬೇಡವೆಂದವರು ಮರುವರ್ಷ ಬೇರೆ ಬಿತ್ತಬಹುದಿತ್ತು. ತೆಂಗು ಅರವತ್ತು ವರ್ಷಕ್ಕೂ ಮೀರಿ ನಿಲ್ಲುತ್ತದೆ. ಹದಿನೈದನೇ ವರ್ಷಕ್ಕೆ ತಪ್ಪು ಗೊತ್ತಾದರೆ, ಫಲಕ್ಕೆ ನಿಂತ ಮರವನ್ನು ಯಾರು ಕಡಿಯುತ್ತಾರೆ, ಪರಿಹಾರ ಯಾರು ಕೊಡುತ್ತಾರೆ? ಕುಲಾಂತರಿ ಸಾಸಿವೆಯ ವಿಷಯದಲ್ಲೇ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಅದೂ ಒಂದೇ ಹಂಗಾಮಿನ ಬೆಳೆ. ಸ್ವಂತ ಜೀನ್ ತಿದ್ದುವುದು ಬೇರೆ ಎನ್ನುವುದು ನಿಜ. ಆದರೆ ತಿದ್ದುವ ಕ್ರಿಸ್ಪರ್ ಉಪಕರಣಕ್ಕೇ ಪೇಟೆಂಟ್‌ಗಳಿವೆ, ವಾರಸುದಾರರಿದ್ದಾರೆ. ಸಾರ್ವಜನಿಕ ಹಣದಲ್ಲಿ ಮಾಡಿದರೂ ಆ ಬಾಗಿಲು ತಟ್ಟಲೇಬೇಕು.

ಇನ್ನು ತಿನ್ನುವವರ ಆಂಟಿ-ಆಕ್ಸಿಡೆಂಟ್. ತಿಪಟೂರಿನ ಕೊಬ್ಬರಿ ಪುಡಿ ಕಾರ್ಖಾನೆಗೆ ಒಮ್ಮೆ ಹೋಗಿ ಬನ್ನಿ. ಕರಟ ಬಿಡಿಸಿದ ಕಾಯಿಯ ಕಂದು ಸಿಪ್ಪೆಯನ್ನು ಪೂರ್ತಿ ಹೆರೆದು ತೆಗೆದ ಮೇಲೇ ತಿರುಳು ಪುಡಿಯಾಗುವುದು. ಕೊಳ್ಳುವವರಿಗೆ ಪುಡಿ ಹಾಲಿನಂತೆ ಬಿಳಿಯಿರಬೇಕು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಆ ಸಿಪ್ಪೆಯನ್ನೇ ಪರೀಕ್ಷಿಸಿದ್ದಾರೆ; ಬಿಳಿ ತಿರುಳಿನ ಎಣ್ಣೆಗಿಂತ ಸಿಪ್ಪೆಯ ಎಣ್ಣೆಯಲ್ಲಿ ಆಂಟಿ-ಆಕ್ಸಿಡೆಂಟ್ ಗುಣದ ಫೀನಾಲ್ ಅಂಶಗಳು ಹೆಚ್ಚು. ಹೆರೆದ ಸಿಪ್ಪೆ ಎಣ್ಣೆ ಗಾಣಕ್ಕೆ ಹೋಗುತ್ತದೆ, ಬಿಳಿ ಪುಡಿ ಊರೂರಿಗೆ ಹೋಗುತ್ತದೆ. ಇರುವುದನ್ನು ಹೆರೆದು ತೆಗೆದು, ಇಲ್ಲವೆಂದು ಜೀನ್ ಹುಡುಕುವುದು ಯಾವ ಲೆಕ್ಕ? ಉಂಡೆ ಕೊಬ್ಬರಿಯನ್ನು ನಾವು ಸಿಪ್ಪೆ ಸಮೇತ ತುರಿದು ಸಾರಿಗೆ ಹಾಕುತ್ತೇವೆ. ರಾಗಿಯದೂ ಇದೇ ಕಥೆ, ಅದರ ಪಾಲಿಫೀನಾಲ್ ಹೆಚ್ಚಾಗಿರುವುದು ಸಿಪ್ಪೆಯಲ್ಲಿ. ಇಡೀ ಕಾಳು ಬೀಸಿ ಮುದ್ದೆ ಮಾಡಿದವರಿಗೆ ಅದು ಪುಕ್ಕಟೆ ಸಿಕ್ಕಿತು.

ಇಲಿ ಬದುಕಿದ್ದು ಸರಿ, ಮನುಷ್ಯರ ಕಥೆಯನ್ನೂ ಕೇಳಿ. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ಪರೀಕ್ಷೆ ನಡೆಯಿತು. ಬೀಟಾ ಕ್ಯಾರೋಟಿನ್ ಎಂಬ ಆಂಟಿ-ಆಕ್ಸಿಡೆಂಟ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಶೇ 18ರಷ್ಟು ಹೆಚ್ಚಾಗಿತ್ತು. ಫಲಿತಾಂಶ ಪ್ರಕಟವಾದದ್ದು 1994ರಲ್ಲಿ. ಮಾತ್ರೆಯೂ ಹಣ್ಣೂ ಒಂದೇ ಅಲ್ಲ, ಒಪ್ಪುತ್ತೇನೆ. ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಮಾತ್ರ ಅಲ್ಲಿಗೇ ಮುರಿಯಿತು.

ಹಳೆಯ ದಾರಿ ನಿಧಾನ ಎಂಬ ಮಾತಿಗೆ ಮಂಡ್ಯದ ರಾಗಿ ತಳಿ ವಿಜ್ಞಾನಿ ಸಿ. ಎಚ್. ಲಕ್ಷ್ಮಣಯ್ಯನವರ ಹೆಸರು ಸಾಕು. ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟರು, ರೈತರ ಕಣಜ ತುಂಬಿತು. ತೆಂಗು ರಾಗಿಯಲ್ಲ, ಗೊತ್ತು. ಆದರೆ ಜೀನ್ ತಿದ್ದಿದರೂ ತೆಂಗು ಆರೇಳು ವರ್ಷಕ್ಕೇ ಹೊಂಬಾಳೆ ಬಿಡುವುದು. ತಿದ್ದಿದ ಜೀವಕೋಶದಿಂದ ಸಾವಿರಾರು ಸಸಿ ಎಬ್ಬಿಸುವುದು ಬಾಳೆಯಲ್ಲಿ ಆದಷ್ಟು ಸಲೀಸಾಗಿ ತೆಂಗಿನಲ್ಲಿ ಇನ್ನೂ ಕೈಗೂಡಿಲ್ಲ. ತಮ್ಮ ಎಣಿಸುತ್ತಿರುವ ವೇಗ ಕಾಗದದ ಮೇಲಿದೆ.

ಮರಗಳನ್ನು ಕಾಡುತ್ತಿರುವುದು ಬರ ಒಂದೇ ಅಲ್ಲ. ಕಾಂಡ ಸೋರುವ ರೋಗ, ಅಣಬೆ ರೋಗ, ಕಪ್ಪು ತಲೆ ಹುಳು, ನುಸಿ, 2016ರಲ್ಲಿ ಪೊಳ್ಳಾಚಿಯಲ್ಲಿ ಕಂಡು ಇಲ್ಲಿಗೂ ಹಬ್ಬಿದ ಬಿಳಿನೊಣ. ಒಂದೆರಡು ಜೀನ್ ಇವೆಲ್ಲವನ್ನೂ ಎದುರಿಸುವುದಿಲ್ಲ. ಎದುರಿಸಬಲ್ಲದ್ದು ಏನಾದರೂ ಇದ್ದರೆ ಅದು ತಿಪಟೂರು ಟಾಲ್‌ನ ಒಳಗಿನ ವೈವಿಧ್ಯ: ಬೀಜದಿಂದ ಎದ್ದ ಒಂದೊಂದು ಮರವೂ ಬೇರೆ.

ತಮ್ಮ ಹೇಳಿದ ಕಾಸರಗೋಡಿನ ಕಿಣ್ವ ಪರೀಕ್ಷೆ ನನಗೆ ಬೇಕು, ಜೀನ್ ತಿದ್ದಲು ಅಲ್ಲ, ತಾಯಿಮರ ಆರಿಸಲು. ನಿಮ್ಮ ತೋಟದಲ್ಲಿ ಸುತ್ತಲಿನ ಮರಗಳು ಒಣಗಿದಾಗಲೂ ನೀರಿಲ್ಲದೆ ನಿಂತು ಕಾಯಿ ಕೊಟ್ಟ ಮರವಿದ್ದರೆ ಅದಕ್ಕೆ ಗುರುತು ಹಾಕಿ. ಅದರ ಕಾಯಿಯನ್ನು ಕೊಬ್ಬರಿ ಅಟ್ಟಕ್ಕೆ ಹಾಕಬೇಡಿ, ಬಿತ್ತನೆಗೆ ಇಡಿ. ಕೋನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಅರಸೀಕೆರೆಯ ಸಂಶೋಧನಾ ಕೇಂದ್ರಕ್ಕೋ ತಿಳಿಸಿ, ಬಂದು ಪರೀಕ್ಷಿಸಿ ಎಂದು ಪಟ್ಟು ಹಿಡಿಯಿರಿ.