ಮನಸ್ಸು ಗಟ್ಟಿ ಇರಲಿಲ್ಲ ಅನ್ನಬೇಡ್ರಿ

ನಮ್ಮ ಗೆಳೆಯ ತೀರಿಕೊಂಡು ಒಂದು ವರ್ಷ ಆಗುತ್ತಾ ಬಂತು. ಯರಗುಪ್ಪಿಯ ಕಟ್ಟೆ ಮೇಲೆ ಅವನ ಸುದ್ದಿ ಬಂದಾಗೆಲ್ಲ ಒಂದೇ ತೀರ್ಪು: "ಅಂವಗ ಮನಸ್ಸು ಗಟ್ಟಿ ಇರ್ಲಿಲ್ಲ ಬಿಡ್ರಿ. ಇದ್ದಿದ್ರ ಗುಟ್ಕಾ ಬಿಡತಿದ್ದ." ಹೇಳುವವರ ಬಾಯಲ್ಲೂ ಅದೇ ಇರುತ್ತದೆ, ಅದು ಬೇರೆ ಮಾತು. ಅವನ ಜೊತೆ ಕನ್ನಡ ಶಾಲೆ ಕಲಿತ ನಾವು ಈ ತೀರ್ಪನ್ನು ಒಪ್ಪುವುದಿಲ್ಲ. ಇದು ಸುಳ್ಳು. ಅದೂ ಇನ್ನೂ ಬದುಕಿರುವವರ ಕೊರಳಿಗೆ ಬೀಳುವ ಸುಳ್ಳು.

ಅವನು ಪ್ರತಿ ಶ್ರಾವಣಕ್ಕೂ ತಿಂಗಳು ಪೂರ್ತಿ ಬಿಡುತ್ತಿದ್ದ. ಒಂದು ವರ್ಷ ಅಯ್ಯಪ್ಪ ಮಾಲೆ ಹಾಕಿ 41 ದಿನ ಬಾಯಿಗೆ ಅಡಿಕೆಯ ಚೂರೂ ಹಾಕಲಿಲ್ಲ. ತಂಬಾಕು ಬಿಟ್ಟವರಿಗೆ ಮೊದಲ ಮೂರ್ನಾಲ್ಕು ದಿನವೇ ನರಕ: ತಲೆನೋವು, ಸಿಟ್ಟು, ನಿದ್ದೆ ಇಲ್ಲ, ಕೆಲಸ ಕೈಗೆ ಹತ್ತುವುದಿಲ್ಲ. ಎರಡರಿಂದ ನಾಲ್ಕು ವಾರದೊಳಗೆ ಮೈಯ ಬಯಕೆ ಬಹಳಷ್ಟು ಇಳಿಯುತ್ತದೆ. ಆ ನರಕವನ್ನು ಅವನು ಏಳೆಂಟು ಸಲ ದಾಟಿದ್ದ. ಮನಸ್ಸು ಸಡಿಲ ಇದ್ದವರು ಒಂದು ಸಲವೂ ದಾಟುವುದಿಲ್ಲ. ಆದರೆ ಮಾಲೆ ತೆಗೆದು, ಟ್ರ್ಯಾಕ್ಟರಿಗೆ ಹತ್ತಿ ಹೇರಿಕೊಂಡು ಅಮರಗೋಳದ ಎಪಿಎಂಸಿಗೆ ಹೋದರೆ, ಸರತಿಯಲ್ಲಿ ನಿಂತವರು ಮೊದಲು ಚಾಚಿದ್ದು ಪಾಕೀಟನ್ನೇ. "ತಗೋಳೊ ದೋಸ್ತ, ವ್ರತ ಮುಗೀತಲ್ಲ." ವ್ರತಕ್ಕೆ ಮರ್ಯಾದೆ ಕೊಡುವ ನಮ್ಮ ಜನ, ಬಿಡಬೇಕೆನ್ನುವ ಮನುಷ್ಯನಿಗೆ ಯಾಕೆ ಕೊಡುವುದಿಲ್ಲ?

2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100ಕ್ಕೆ ಸುಮಾರು 23 ವಯಸ್ಕರು ತಂಬಾಕು ಬಳಸುತ್ತಿದ್ದರು. ಅಷ್ಟೂ ಜನರ ಮನಸ್ಸು ಸಡಿಲವೇ?

ಗುಟ್ಕಾ ಬಂದ್ ಆಗಿದೆಯಲ್ಲ ಎನ್ನುತ್ತೀರಿ. ಆಗಿದೆ, 2013ರಲ್ಲೇ. ತಿನ್ನುವ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಇರಬಾರದು ಎಂಬುದು ಆಹಾರ ಸುರಕ್ಷತೆಯ ನಿಯಮ. ಮಾರುವವರು ಏನು ಮಾಡಿದರು? ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು. ಎರಡನ್ನೂ ಹರಿದು ಕೂಡಿಸುವ ಕೆಲಸ ತಿನ್ನುವವನದು. ಕಾನೂನು ಗುಟ್ಕಾ ಎನ್ನುವುದನ್ನು ಈಗ ನಮ್ಮ ಹುಡುಗರು ಅಂಗೈಯಲ್ಲೇ ತಯಾರು ಮಾಡುತ್ತಾರೆ. ಇದನ್ನು ನಿಷೇಧ ಎಂದು ಕರೆಯಲು ನಮಗೆ ನಾಚಿಕೆ ಆಗುತ್ತದೆ.

ಅವನಿಗೆ ಮೊದಲ ಸುಳಿವು ಸಿಕ್ಕಿದ್ದು ಊಟದಲ್ಲಿ. ಮೆಣಸಿನಕಾಯಿ ಬೆಳೆಯುವ ಮನೆಯ ಮಗ, ರೊಟ್ಟಿಗೆ ರಂಜಕ ಹಚ್ಚಿದರೆ ಬಾಯಿ ಉರಿ ಎನ್ನತೊಡಗಿದ. ಉಷ್ಣ ಆಗೇದ ಎಂದು ಮನೆಯವರು ಮಜ್ಜಿಗೆ ಕೊಟ್ಟರು. ಆಮೇಲೆ ಬಾಯಿ ಪೂರ್ತಿ ತೆರೆಯದಾಯಿತು. ಸಾಮಾನ್ಯವಾಗಿ ದೊಡ್ಡವರ ಬಾಯಿಯಲ್ಲಿ ಅವರದೇ ಮೂರು ಬೆರಳು ನೆಟ್ಟಗೆ ಹಿಡಿಯುತ್ತವೆ. ಅವನಿಗೆ ಎರಡೂ ಹಿಡಿಯುತ್ತಿರಲಿಲ್ಲ. ಅಡಿಕೆ ತಿಂದು ತಿಂದು ಕೆನ್ನೆಯ ಒಳಗಿನ ಚರ್ಮ ನಾರಿನ ಹಾಗೆ ಬಿಗಿಯುವ ರೋಗ ಇದು, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ತಂಬಾಕು ಇಲ್ಲದ ಮಸಾಲಾ ಆದರೆ ನಡೆಯುತ್ತದೆ ಎನ್ನುವವರು ಕೇಳಬೇಕು: ಅಡಿಕೆಯೇ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಗಾರರ ಕಷ್ಟ ನಮಗೂ ಗೊತ್ತು. ಆದರೆ ಅವನ ಬಾಯಿ ನೋಡಿದವರು ನಾವು.

ಪ್ರತಿ ಮೇ 31ಕ್ಕೆ ಜಾಥಾ ನಡೆಯುತ್ತದೆ. ಬ್ಯಾನರ್, ಘೋಷಣೆ, ಫೋಟೊ, ಉಪ್ಪಿಟ್ಟು. ಜೂನ್ 1ಕ್ಕೆ ಯಾರೂ ಇಲ್ಲ. ಇಳಕಲ್ಲಿನ ಮಹಾಂತ ಅಪ್ಪನವರು ಜೋಳಿಗೆ ಹಿಡಿದು ಜನರ ಹತ್ತಿರವೇ ಹೋಗಿ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಆ ಮಹಾಂತ ಜೋಳಿಗೆಯ ಹೆಸರು ಭಾಷಣದಲ್ಲಿ ಹೇಳುವವರು ಬಹಳ, ಚಟ ಬಿಟ್ಟವನ ಮನೆಗೆ ಎರಡನೇ ವಾರ ಹೋಗಿ "ಹ್ಯಾಂಗಿದ್ದೀಯೋ ತಮ್ಮಾ" ಎಂದು ಕೇಳುವವರು ಎಷ್ಟು ಮಂದಿ? ನಮ್ಮ ಗೆಳೆಯನಿಗೆ ಉಪದೇಶ ಸಾಕಷ್ಟು ಸಿಕ್ಕಿತ್ತು. ಪಾಕೀಟಿನ ಮೇಲೇ 1800-11-2356 ಎಂಬ ನಂಬರ್ ಇದೆ, ಪುಕ್ಕಟೆ, ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡಿ ಬಿಡಿಸಲು ನೆರವಾಗುತ್ತಾರೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಮೊದಲ ದಿನಗಳ ಬಯಕೆ ತಡೆಯಲು ಔಷಧಿ ಅಂಗಡಿಯಲ್ಲಿ ನಿಕೋಟಿನ್ ಗಮ್ ಸಿಗುತ್ತದೆ ಎಂದೂ ಹೇಳಲಿಲ್ಲ.

ಅವನ ಕೈಗೆ ಮೊದಲ ಪಾಕೀಟು ಬಂದದ್ದು ನಾಲ್ಕನೇ ಇಯತ್ತೆಯಲ್ಲಿ. ದೊಡ್ಡವರೊಬ್ಬರು ಅಂಗಡಿಗೆ ಓಡಿಸಿ, "ಉಳಿದ ಚಿಲ್ಲರೆ ನೀನ ಇಟ್ಕೊ" ಎಂದಿದ್ದರು. ಈಗ ರಾಜ್ಯದಲ್ಲಿ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಶಾಲೆಯಿಂದ 100 ಗಜದೊಳಗೆ ಯಾರಿಗೂ ಮಾರುವಂತಿಲ್ಲ. ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳ್ರಿ, ಶಾಲೆಯ ಗೇಟಿನಿಂದ ಡಬ್ಬಾ ಅಂಗಡಿಗೆ ಎಷ್ಟು ಗಜ ಎಂದು. ಅಳೆಯುವ ಟೇಪು ಬೇಕಾದರೆ ನಾವು ತರುತ್ತೇವೆ.