ಇಂಜಿನ್ ಬಿಚ್ಚುವ ಮೊದಲು ಕಿವಿ ಕೊಡಿ



ನಿಮ್ಮ ಎತ್ತು ಕುಂಟಿದರೆ ಯಾವ ಕಾಲು, ಗೊರಸೋ ಕೀಲೋ ಅಂತ ನೀವೇ ಹೇಳುತ್ತೀರಿ. ಜಾತ್ರೆಯಲ್ಲಿ ಹಲ್ಲು ನೋಡದೆ, ಸುಳಿ ನೋಡದೆ, ನಾಲ್ಕು ಹೆಜ್ಜೆ ನಡೆಸದೆ ಹೋರಿಗೆ ಮುಂಗಡ ಕೊಟ್ಟವರು ನಮ್ಮಲ್ಲಿ ಯಾರಿದ್ದಾರೆ? ಅದೇ ಎತ್ತು ಮಾರಿ, ಮೇಲೆ ಬ್ಯಾಂಕಿನ ಸಾಲ ಸೇರಿಸಿ ತಂದ ಪವರ್ ಟಿಲ್ಲರ್ 'ಕಟ್ ಕಟ್' ಅಂದ ಕೂಡಲೇ ನಮ್ಮ ಬುದ್ಧಿಯೆಲ್ಲ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ಗೂಡ್ಸ್ ಆಟೋಗೆ ಹೇರಿ ಪೇಟೆಗೆ ಒಯ್ದು, 'ಒಳಗೆ ಏನೋ ಬಡೀತಿದೆ, ನೋಡಪ್ಪ' ಅಂತ ಇಳಿಸಿ ಬರುತ್ತೇವೆ. ಆ 'ಏನೋ' ಅನ್ನುವ ಒಂದು ಮಾತಿಗೆ ಬಿಲ್ಲಿನಲ್ಲಿ ಎಷ್ಟು ಸೊನ್ನೆ ಬೀಳುತ್ತವೆ ಅನ್ನುವುದನ್ನು ನಾನು ಅನುಭವಿಸಿ ಬರೆಯುತ್ತಿದ್ದೇನೆ.

ಪುಷ್ಯ ಮಳೆ ಹಿಡಿದಿತ್ತು. ಸಸಿ ಮಡಿಯಲ್ಲಿ ಅಗೆ ಬೆಳೆದು ನಿಂತಿತ್ತು. ಅರ್ಧ ಗದ್ದೆ ಕೆಸರು ಮಾಡಿದ್ದೆ, ಅಷ್ಟರಲ್ಲಿ ಶಬ್ದ ಶುರುವಾಯಿತು. ಗ್ಯಾರೇಜಿನವರು ಒಂದು ನಿಮಿಷ ಸ್ಟಾರ್ಟ್ ಮಾಡಿ ಕೇಳಿದರು. 'ಬೇರಿಂಗ್ ಹೋಗಿದೆ, ಇಂಜಿನ್ ಬಿಚ್ಚಲೇಬೇಕು' ಅಂದರು. ನಾನು ಹೂಂ ಅಂದೆ. ಹೂಂ ಅನ್ನದೆ ಮತ್ತೇನು ಮಾಡಲಿ, ನನಗೇನು ಗೊತ್ತಿತ್ತು? ಒಂಬತ್ತು ದಿನ ಇಟ್ಟುಕೊಂಡರು. ಬೇರಿಂಗ್, ರಿಂಗ್, ಲೈನರ್, ಪಿಸ್ಟನ್, ಗ್ಯಾಸ್ಕೆಟ್ ಸೆಟ್ಟು, ಕೂಲಿ. ಮನೆಯವಳ ಎರಡು ಬಳೆ ಅಡವಿಗೆ ಹೋದವು. ಉಳಿದರ್ಧ ಗದ್ದೆಗೆ ಬಾಡಿಗೆ ಟ್ರಾಕ್ಟರು, ಅದಕ್ಕೆ ಬೇರೆ ಕೈಗಡ. ಗಾಡಿ ಮನೆಗೆ ಬಂದು ಸ್ಟಾರ್ಟ್ ಮಾಡಿದರೆ ಅದೇ ಕಟ್ ಕಟ್!

ನಮ್ಮೂರಲ್ಲಿ ಒಬ್ಬರು ಹಿರಿಯರಿದ್ದಾರೆ. ಅಕ್ಕಿ ಗಿರಣಿಯ ಇಂಜಿನ್ ನೋಡಿಕೊಂಡೇ ಆಯುಷ್ಯ ಕಳೆದವರು. ದಾರಿಯಲ್ಲಿ ಹೋಗುತ್ತಿದ್ದವರು ಶಬ್ದ ಕೇಳಿ ಒಳಗೆ ಬಂದರು. 'ತಮ್ಮಾ, ಮೊದಲು ಹೆಗಲ ಮೇಲಿನ ಟವೆಲ್ ತೆಗೆದು ಆ ಕಡೆ ಇಡು' ಅಂದರು. ಬೆಲ್ಟು, ಫ್ಲೈವೀಲು ತಿರುಗುವ ಹತ್ತಿರ ಟವೆಲ್, ಜೋಲಾಡುವ ಲುಂಗಿ ಇರಬಾರದು. ಅವರು ಹೇಳಿದ ಮೊದಲ ಪಾಠ ಅದು, ನಾನೂ ಅದನ್ನೇ ಮೊದಲು ಹೇಳುತ್ತೇನೆ.

ಆಮೇಲೆ ಇಂಜಿನ್ ನಿಲ್ಲಿಸಿ ಬೆಲ್ಟುಗಳನ್ನು ತೆಗೆಸಿದರು. ಬೆಲ್ಟಿಲ್ಲದೆ ಬರೀ ಇಂಜಿನ್ ಓಡಿಸಿದಾಗ ಶಬ್ದ ನಿಂತರೆ ರೋಗ ಇಂಜಿನ್ನಿನದಲ್ಲ. ಕ್ಲಚ್ಚೋ, ಗೇರ್ ಪೆಟ್ಟಿಗೆಯೋ, ಹಿಂದಿನ ಚೈನೋ ನೋಡಬೇಕು. ನಮ್ಮದು ನಿಲ್ಲಲಿಲ್ಲ. ಎರಡನೆಯದಾಗಿ, ಎಕ್ಸಿಲೇಟರ್ ಏರಿಸಿ ಒಮ್ಮೆಲೇ ಡೀಸೆಲ್ ಬಂದ್ ಮಾಡಿಸಿದರು. ಬೆಂಕಿ ಇಲ್ಲದಿದ್ದರೂ ಫ್ಲೈವೀಲಿನ ಭಾರಕ್ಕೆ ಇಂಜಿನ್ ಇನ್ನಷ್ಟು ಸುತ್ತು ತಿರುಗುತ್ತದಲ್ಲ, ಆಗ ಕೇಳಬೇಕು. ಡೀಸೆಲ್ ನಿಂತ ಕ್ಷಣವೇ ಬಡಿತವೂ ನಿಂತರೆ ಅದು ಹೆಚ್ಚಾಗಿ ಡೀಸೆಲ್ ಉರಿಯುವ ಶಬ್ದ. ನಾಜಲ್ ಸೋರುತ್ತಿರಬಹುದು, ಪಂಪಿನ ಟೈಮಿಂಗ್ ಮುಂದೆ ಹೋಗಿರಬಹುದು. ಟೈಮಿಂಗ್ ಮುಂದೆ ಹೋಗಿದ್ದರೆ ಸ್ಟಾರ್ಟ್ ಮಾಡುವಾಗ ಹ್ಯಾಂಡಲ್ ಹಿಂದಕ್ಕೆ ಒದೆಯುವುದೂ ಉಂಟು. ನಾಜಲ್ ಆಗಿದ್ದರೆ ಅದೊಂದನ್ನೇ ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡು ಪಂಪ್ ರಿಪೇರಿ ಅಂಗಡಿಗೆ ಹೋದರೆ ಮೆಷಿನ್ನಿಗೆ ಹಾಕಿ ನೋಡಿ ಹೇಳುತ್ತಾರೆ. ಅದಕ್ಕಾಗಿ ಇಡೀ ಇಂಜಿನ್ ಹೊರಬೇಕಾಗಿಲ್ಲ. ನಮ್ಮದು ಡೀಸೆಲ್ ನಿಂತ ಮೇಲೂ ಬಡಿಯುತ್ತಲೇ ಇತ್ತು.

ಮೂರನೆಯದು ಉದ್ದನೆಯ ಸ್ಕ್ರೂಡ್ರೈವರ್. ಅದರ ತುದಿ ಇಂಜಿನ್ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ತಾಗಿಸಿ ಕೇಳಿದರು. ಡಾಕ್ಟರು ಎದೆ ನೋಡಿದ ಹಾಗೇ ಸರಿ. ಹೆಡ್ಡಿನ ಮೇಲೆ ಸಣ್ಣಗೆ, ಹಿಂದಿನ ಕವರಿನ ಮೇಲೆ ಸಣ್ಣಗೆ, ಫ್ಲೈವೀಲ್ ಕಡೆಯ ಗೋಡೆಗೆ ಬಂದಾಗ ಜೋರು. ಇಂಜಿನ್ ನಿಲ್ಲಿಸಿ, ಫ್ಲೈವೀಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರು. ಚಕ್ರ ಕೂದಲೆಳೆಯಷ್ಟು ಅಲ್ಲಾಡಿತು, ಅದನ್ನು ಹೊತ್ತ ಶಾಫ್ಟು ಅಲ್ಲಾಡಲಿಲ್ಲ. ನಟ್ಟು ಸಡಿಲ! ಒಳಗಿನ ಕೀ ಸವೆದು ಮೊಂಡಾಗಿತ್ತು. ನಟ್ಟು ತಿರುಗದಂತೆ ಮಡಚಿ ಕೂರಿಸಬೇಕಾದ ವಾಷರನ್ನು ಹಿಂದೊಮ್ಮೆ ಯಾರೋ ಮಡಚದೇ ಬಿಟ್ಟಿದ್ದರು. ಒಂಬತ್ತು ದಿನ ಇಂಜಿನ್ ಹೊಟ್ಟೆ ಬಗೆದವರು ಫ್ಲೈವೀಲಿನ ಕಡೆ ಕೈಯೇ ಹಾಕಿರಲಿಲ್ಲ. ಹೊಸ ಕೀ, ಹೊಸ ವಾಷರ್, ನಟ್ಟು ಸರಿಯಾಗಿ ಬಿಗಿ. ಸಂಜೆಯೊಳಗೆ ಕೆಲಸ ಮುಗಿಯಿತು. ಹಿರಿಯರು ಒಂದು ಲೋಟ ಕಾಫಿ ಕುಡಿದು ಹೋದರು.

ಹಾಗಂತ ಶಬ್ದವೆಲ್ಲ ಸುಳ್ಳು, ಮೆಕ್ಯಾನಿಕ್‌ಗಳೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಳ್ಳುವ ಹುಡುಗನೂ ನಮ್ಮಂಥ ಮನೆಯಿಂದಲೇ ಹೋದವನು. ಕೇಳಿ ಹೇಳಿದ್ದಕ್ಕೆ ಅವನಿಗೆ ನಾವು ನೂರು ರೂಪಾಯಿ ಕೊಡುವುದಿಲ್ಲ, ಬಿಚ್ಚಿ ಕಟ್ಟಿದ್ದಕ್ಕೆ ಸಾವಿರಗಟ್ಟಲೆ ಕೊಡುತ್ತೇವೆ. ಆಮೇಲೆ ಅವನು ಬಿಚ್ಚದೆ ಇರುತ್ತಾನಾ?

ಇನ್ನು ಕೆಲವು ಶಬ್ದ ತಿಳಿದಿಟ್ಟುಕೊಳ್ಳಿ. ಹೆಡ್ಡಿನ ಕಡೆಯಿಂದ ಹೊಲಿಗೆ ಯಂತ್ರದ ಹಾಗೆ ಸಣ್ಣಗೆ 'ಟಿಕ್ ಟಿಕ್' ಅಂದರೆ, ಅದೂ ಫ್ಲೈವೀಲ್ ಎರಡು ಸುತ್ತು ತಿರುಗುವಾಗ ಒಂದೇ ಸಲ ಅಂದರೆ, ಟ್ಯಾಪೆಟ್ ಸಡಿಲವಾಗಿದೆ. ಇಂಜಿನ್ ತಣ್ಣಗಿರುವಾಗ ಗೇಜು ಹಾಕಿ ಸರಿಮಾಡುವ ಅರ್ಧ ಗಂಟೆಯ ಕೆಲಸ. ಎಷ್ಟು ಸಂದು ಬಿಡಬೇಕು ಅನ್ನುವುದು ನಿಮ್ಮ ಗಾಡಿಯ ಪುಸ್ತಕದಲ್ಲಿದೆ. ಶಬ್ದ ಪೂರ್ತಿ ಹೋಗಲಿ ಅಂತ ಹೆಚ್ಚು ಬಿಗಿ ಮಾಡಿಸಬೇಡಿ, ವಾಲ್ವ್ ಸುಟ್ಟು ಹೋಗುತ್ತದೆ. ಸೈಲೆನ್ಸರ್ ಬುಡದ ಗ್ಯಾಸ್ಕೆಟ್ ಹರಿದರೂ ಹೀಗೇ ಕೇಳಿಸುತ್ತದೆ, ಅಲ್ಲಿ ಮಸಿ ಹಿಡಿದಿರುತ್ತದೆ, ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಡಿದು ಕಾಯುತ್ತಿದ್ದ ಹಾಗೆ ಕಡಿಮೆಯಾಗುವುದು ಪಿಸ್ಟನ್ ಸವೆತ. ಅದು ಇವತ್ತೇ ಇಂಜಿನ್ ಮುರಿಯುವುದಿಲ್ಲ. ಆಯಿಲ್ ಕುಡಿಯುವುದು, ಹೊಗೆ, ಪಿಕಪ್ ಇವನ್ನೆಲ್ಲ ಗಮನಿಸುತ್ತಾ ನಾಟಿ ಮುಗಿಸಿ ಸುಗ್ಗಿಯ ದುಡ್ಡಿನಲ್ಲಿ ಮಾಡಿಸಬಹುದು.

ಒಂದು ಶಬ್ದಕ್ಕೆ ಮಾತ್ರ ಈ ಸಾವಧಾನ ಸಲ್ಲದು. ಇಂಜಿನ್ ಹೊಟ್ಟೆಯೊಳಗಿಂದ 'ದಡ್ ದಡ್' ಅಂತ ಭಾರವಾಗಿ, ಕೆಸರಿನಲ್ಲಿ ಎಳೆತ ಬಿದ್ದಾಗ ಇನ್ನೂ ಜೋರಾಗಿ ಬಂದರೆ ಅದು ಕನೆಕ್ಟಿಂಗ್ ರಾಡಿನ ಬೇರಿಂಗ್. ಅಲ್ಲೇ, ಆ ಗದ್ದೆಯಲ್ಲೇ ನಿಲ್ಲಿಸಿ. 'ಈ ಒಂದು ಮಡಿ ಮುಗಿಸೋಣ' ಅಂದವನ ಕ್ರ್ಯಾಂಕ್ ಶಾಫ್ಟೂ ಹೋಗುತ್ತದೆ, ರಾಡು ಮುರಿದು ಇಂಜಿನ್ ಮೈಯನ್ನೇ ತೂತು ಮಾಡಿದರೂ ಮಾಡೀತು. ಅನುಮಾನವಿದ್ದರೆ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸೋಸಿ ಬಿಸಿಲಿಗೆ ಹಿಡಿಯಿರಿ. ಮಿನುಗುವ ಪುಡಿಗೆ ಅಯಸ್ಕಾಂತ ತೋರಿಸಿ. ಅಂಟಿಕೊಂಡರೆ ಅದು ಕಬ್ಬಿಣ. ರಿಂಗು, ಲೈನರು, ಗೇರಿನದಿರಬಹುದು. ಅಂಟದೆ ಮಿನುಗುತ್ತಿದ್ದರೆ ಹೆಚ್ಚಾಗಿ ಬೇರಿಂಗಿನ ಮೇಲ್ಪದರ ಕಿತ್ತು ಬರುತ್ತಿದೆ ಅಂತಲೇ ತಿಳಿಯಿರಿ. ಹಾಳಾದ ಕ್ರ್ಯಾಂಕನ್ನು ಲೇತಿನವರು ಸಾಮಾನ್ಯವಾಗಿ ಕಾಲು ಮಿಲಿಮೀಟರ್ ಲೆಕ್ಕದಲ್ಲಿ ತೆಗೆದು ದಪ್ಪನೆಯ ಬೇರಿಂಗ್ ಹಾಕುತ್ತಾರೆ. ಹೀಗೆ ತೆಗೆಯಲು ಎರಡು ಮೂರು ಸಲ ಮಾತ್ರ ಅವಕಾಶ. ಆಮೇಲೆ ಹೊಸ ಕ್ರ್ಯಾಂಕೇ ಗತಿ, ಅಂದರೆ ಹೊಸ ಸಾಲವೇ ಗತಿ.

ಅಮೆರಿಕದ ರೈತರ ಜಗಳ ನಿಮಗೆ ಗೊತ್ತಿರಲಿ. ಅಲ್ಲಿನ ದೊಡ್ಡ ಟ್ರಾಕ್ಟರುಗಳೊಳಗೆ ಕಂಪ್ಯೂಟರ್ ಕೂರಿಸಿದ್ದಾರೆ. ಕೆಟ್ಟರೆ ಕಾರಣ ಕಂಡುಹಿಡಿಯಲಿಕ್ಕೂ ಎಷ್ಟೋ ಸಲ ಕಂಪನಿಯ ಡೀಲರೇ ಬರಬೇಕು. 'ನಮ್ಮ ಗಾಡಿ ನಾವೇ ರಿಪೇರಿ ಮಾಡಿಕೊಳ್ಳುವ ಹಕ್ಕು ಕೊಡಿ' ಅಂತ ಹೋರಾಡಿ, ೨೦೨೩ರಲ್ಲಿ ಕೊಲರಾಡೋ ರಾಜ್ಯದಲ್ಲಿ ಅದಕ್ಕೊಂದು ಕಾನೂನನ್ನೇ ಮಾಡಿಸಿಕೊಂಡರು. ನಮ್ಮ ಕೇಂದ್ರ ಸರ್ಕಾರವೂ ೨೦೨೨ರ ಜುಲೈಯಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದರ ಪಟ್ಟಿಯಲ್ಲಿ ಕೃಷಿ ಯಂತ್ರಗಳೂ ಇವೆ. ಸಂತೋಷ. ಆದರೆ ನಮ್ಮ ಟಿಲ್ಲರಿಗೆ ಯಾವ ಕಂಪ್ಯೂಟರ್ ಬೀಗವೂ ಇಲ್ಲ, ನಾಲ್ಕು ಸ್ಪ್ಯಾನರಿಗೆ ಬಿಚ್ಚಿಕೊಳ್ಳುತ್ತದೆ. ನಮಗಿರುವ ಬೀಗ ಬೇರೆ. ಮಾರುವ ದಿನ ಹಾರ ಹಾಕಿ ಫೋಟೋ ತೆಗೆಸುವ ಡೀಲರು ಟ್ಯಾಪೆಟ್ ಎಲ್ಲಿದೆ ಅಂತ ತೋರಿಸಿ ಕಳಿಸುತ್ತಾನೆಯೇ? ನಾವಾದರೂ ಕೇಳುತ್ತೇವೆಯೇ? ಗಾಡಿಯ ಪುಸ್ತಕ ಕನ್ನಡದಲ್ಲಿ ಬೇಕು, ಬಿಡಿಭಾಗದ ದರಪಟ್ಟಿ ಅಂಗಡಿಯ ಗೋಡೆಯ ಮೇಲೆ ಬೇಕು ಅಂತ ಕೇಳುವುದಕ್ಕೆ ದೆಹಲಿಯ ಸಮಿತಿಯ ಅಪ್ಪಣೆ ಬೇಕಾಗಿಲ್ಲ. ಸಬ್ಸಿಡಿ ಅರ್ಜಿಗೆ ಸಾಲಾಗಿ ನಿಲ್ಲುವ ನಾವು ಇದಕ್ಕೂ ಹತ್ತು ಜನ ಒಟ್ಟಾಗಿ ಹೋಗಿ ನಿಲ್ಲಬಹುದು.

ಮುಂಗಾರಿಗೆ ಮೊದಲೇ ಒಂದು ದಿನ ಬೆಲ್ಟು ತೆಗೆದು ನಿಮ್ಮ ಇಂಜಿನ್ ಕೇಳಿಸಿಕೊಳ್ಳಿ. ಚೆನ್ನಾಗಿರುವಾಗಿನ ಶಬ್ದ ಕಿವಿಯಲ್ಲಿ ಕೂತಿದ್ದರೆ ತಾನೆ ಕೆಟ್ಟದ್ದು ಗೊತ್ತಾಗುವುದು. ಗ್ಯಾರೇಜಿಗೆ ಹೋಗಲೇಬೇಕಾದರೆ 'ಏನೋ ಬಡೀತಿದೆ' ಅನ್ನಬೇಡಿ. ಬೆಲ್ಟು ತೆಗೆದರೂ ಇದೆ, ಡೀಸೆಲ್ ನಿಲ್ಲಿಸಿದರೂ ಇದೆ, ಈ ಜಾಗದಲ್ಲಿ ಜೋರು ಅಂತ ಹೇಳಿ. ಬಿಚ್ಚುವಾಗ ಪಕ್ಕದಲ್ಲಿ ಇರಿ. ಬಿಲ್ಲು ಬರೆಸಿಕೊಳ್ಳಿ. ತೆಗೆದ ಹಳೇ ಸಾಮಾನೆಲ್ಲ ಒಂದು ಚೀಲಕ್ಕೆ ಹಾಕಿಸಿಕೊಂಡು ಬನ್ನಿ. ನಾನು ತಂದ ಚೀಲ ಇನ್ನೂ ಹಜಾರದ ಗೂಡಿನಲ್ಲಿದೆ. ಅದರೊಳಗಿನ 'ಹೋಗಿದ್ದ' ಬೇರಿಂಗಿನ ಮೇಲೆ ಉಗುರು ಎಳೆದರೆ ತಡೆಯುವಂಥ ಒಂದು ಗೆರೆಯೂ ಇಲ್ಲ. ಬಳೆ ಬಿಡಿಸಿಕೊಂಡು ಬರಲಿಕ್ಕೆ ಇನ್ನೂ ಎರಡು ಕಂತು ಬಾಕಿ ಇದೆ.